ಗುಲ್ಮದ ರಕ್ತನಾಳ ವಿಕಾರಗಳೂ ಕನಿಷ್ಠ ಗಾಯದ ಶಸ್ತ್ರಚಿಕಿತ್ಸೆಯೂ

ಉದರದ ಎಡಮಗ್ಗುಲಲ್ಲಿ, ಒಂಬತ್ತರಿಂದ ಹನ್ನೊಂದನೆಯವರೆಗಿನ ಪಕ್ಕೆಲುಬುಗಳ ಮರೆಯಲ್ಲಿ, ಮೇಲೆ ವಪೆಯನ್ನೂ ಮುಂದೆ ಜಠರವನ್ನೂ ಹಿಂದೆ ಮೂತ್ರಪಿಂಡವನ್ನೂ ನೆರೆಯಾಗಿ ಪಡೆದಿರುವ ಗುಲ್ಮವು, ಆರೋಗ್ಯವಂತನಲ್ಲಿ 150ರಿಂದ 200 ಗ್ರಾಂ ತೂಗುವ, ಹೊರಗಿನಿಂದ ವೈದ್ಯನ ಬೆರಳಿಗೆ ಸಾಮಾನ್ಯವಾಗಿ ಸಿಕ್ಕದ ಮೃದುವಾದ ಅವಯವ. ಅದರ ರಕ್ತನಾಳಗಳಲ್ಲಿ ಹುಟ್ಟುವ ವಿಕಾರಗಳು ವಿರಳ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಆದರೆ ಅಪಾಯಕರವಾದ ಕೆಲವು ಸಿಡಿದಾಗ ರೋಗಿಯ ಪ್ರಾಣವು ಗಂಟೆಗಳ ಲೆಕ್ಕಕ್ಕೆ ಬಂದು ನಿಲ್ಲುವುದು. ಇಂತಹ ವಿಕಾರಗಳನ್ನು ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆಯೇ ಪರಿಹರಿಸುವ ಮಾರ್ಗಗಳು ಕಳೆದ ಮೂರು ದಶಕಗಳಲ್ಲಿ ಹೇಗೆ ಬೆಳೆದುವು, ಅವುಗಳ ಗುಣವೆಷ್ಟು, ಮಿತಿಯೆಷ್ಟು, ಹಾವೇರಿಯಂತಹ ಬೇಸಾಯದ ಜಿಲ್ಲೆಯ ರೋಗಿಗೆ ಅವುಗಳಿಂದಾಗುವ ನಿಜವಾದ ಪ್ರಯೋಜನವೇನು ಎಂಬುದನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಗುಲ್ಮದ ಪರಿಚಯ ನಮ್ಮ ಸೀಮೆಗೆ ಹೊಸದಲ್ಲ. ಹಾವೇರಿಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಹಾನಗಲ್ಲಿನ ಕಡೆಯ ಮಲೆನಾಡಿನ ಸೆರಗಿನ ಊರುಗಳಲ್ಲಿ ಚಳಿಜ್ವರವು ಮನೆಮನೆಯ ಪೀಡೆಯಾಗಿದ್ದು, ಪದೇ ಪದೇ ಜ್ವರ ಬಂದ ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಗಟ್ಟಿಯಾಗಿ ಬೆಳೆದು ನಿಲ್ಲುತ್ತಿದ್ದ ಗುಲ್ಮವನ್ನು ಜನರು ಜ್ವರಗಡ್ಡೆಯೆಂದು ಕರೆಯುತ್ತಿದ್ದರು. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕಾರವಾರ ಧಾರವಾಡ ಜಿಲ್ಲೆಗಳ ಹಳ್ಳಿಗಳ ಮನೆಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಆರಂಭವಾದಾಗ, ರೋಗವು ಎಷ್ಟು ಇಳಿಯಿತೆಂಬುದನ್ನು ಅಳೆಯುವ ಮಾನದಂಡಗಳಲ್ಲಿ ಮುಖ್ಯವಾದುದು ಮಕ್ಕಳ ಗುಲ್ಮವೇ ಆಗಿತ್ತು: ನೂರು ಮಕ್ಕಳಲ್ಲಿ ಎಷ್ಟು ಮಂದಿಯ ಗುಲ್ಮವು ಪಕ್ಕೆಲುಬಿನ ಕೆಳಗೆ ಕೈಗೆ ಹತ್ತುತ್ತದೆ ಎಂಬುದನ್ನು ಎಣಿಸಿ ಊರಿನ ಸ್ಥಿತಿಯನ್ನು ನಿರ್ಣಯಿಸುತ್ತಿದ್ದರು. ಆ ಅನುಭವವು 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿದೀಪವಾಯಿತು. ಜ್ವರಗಡ್ಡೆಯು ಕ್ರಮೇಣ ಜನರ ಮಾತಿನಿಂದಲೂ ಮರೆಯಾಯಿತು.

ಇಂದು ಗುಲ್ಮವು ಮತ್ತೆ ಮಾತಿಗೆ ಬರುತ್ತಿರುವುದು ಬೇರೊಂದು ದ್ವಾರದಿಂದ. ಹಾವೇರಿ, ರಾಣೆಬೆನ್ನೂರುಗಳ ಸ್ಕ್ಯಾನಿಂಗ್ ಸೆಂಟರುಗಳಲ್ಲಿ ಮೂತ್ರಕೋಶದ ಕಲ್ಲಿಗೋ, ಪಿತ್ತಕೋಶದ ನೋವಿಗೋ, ಬಸುರಿಯ ತಪಾಸಣೆಗೋ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ, ಕೇಳದೆಯೇ ಬಂದ ಒಂದು ಸಾಲು ವರದಿಯ ನಡುವೆ ಕಾಣಿಸಿಕೊಳ್ಳುವುದುಂಟು: ಗುಲ್ಮದಲ್ಲಿ ಒಂದೂವರೆ ಸೆಂಟಿಮೀಟರಿನ ದುಂಡನೆಯ ಗಂಟು, ಬಹುಶಃ ಹೆಮ್ಯಾಂಜಿಯೋಮ. ಆ ಸಾಲನ್ನು ಹಿಡಿದುಕೊಂಡು ಮನೆಯವರು ಹುಬ್ಬಳ್ಳಿಯ ಬಸ್ಸನ್ನೋ ದಾವಣಗೆರೆಯ ಬಸ್ಸನ್ನೋ ಹತ್ತುವರು. ಅವರು ವೈದ್ಯರ ಮುಂದಿಡುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: “ಹೊಟ್ಟಿ ಕೊಯ್ಯಲಾರದ ಆಗೂದಿಲ್ಲೇನ್ರಿ ಡಾಕ್ಟ್ರ?” ಎಂಬುದೊಂದು, “ಎಷ್ಟ ದಿನಕ್ಕ ಕೆಲಸಕ್ಕ ಹೋಗಬಹುದರಿ?” ಎಂಬುದು ಇನ್ನೊಂದು. ಕೇಳಲು ಸರಳವಾದ ಈ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾದ ಉತ್ತರ ಕೊಡಬೇಕಾದರೆ, ಅವಕ್ಕಿಂತ ಮೊದಲು ಕೇಳಬೇಕಾದ ಮೂರನೆಯದೊಂದಿದೆ: ಆ ಗಂಟು ಯಾವ ಜಾತಿಯದು, ಅದನ್ನು ಮುಟ್ಟುವ ಅಗತ್ಯವೇನಾದರೂ ಉಂಟೆ?

ಗುಲ್ಮದ ರಚನೆಯನ್ನು ಅರಿಯದೆ ಇದಕ್ಕೆ ಉತ್ತರವಿಲ್ಲ. ಮಹಾಧಮನಿಯಿಂದ ಕವಲೊಡೆದ ಉದರ ಕಾಂಡದಿಂದ ಹೊರಟ ಗುಲ್ಮ ಧಮನಿಯು ಮೇದೋಜೀರಕ ಗ್ರಂಥಿಯ ಮೇಲಂಚಿನ ಗುಂಟ ಡೊಂಕುಡೊಂಕಾಗಿ ಹರಿದು, ಗುಲ್ಮದ ದ್ವಾರದ ಬಳಿ ಎರಡು ಮೂರು ಕವಲುಗಳಾಗಿ ಒಡೆದು, ಒಂದೊಂದು ಕವಲೂ ಗುಲ್ಮದ ಒಂದೊಂದು ಖಂಡಕ್ಕೆ ಪ್ರತ್ಯೇಕವಾಗಿ ರಕ್ತವನ್ನು ಒದಗಿಸುತ್ತದೆ. ಇದಲ್ಲದೆ ಜಠರದ ಕಡೆಯಿಂದ ಬರುವ ಕಿರಿಯ ಧಮನಿಗಳ ಆಸರೆಯೂ ಅದಕ್ಕುಂಟು. ಹೃದಯವು ನೂಕುವ ರಕ್ತದಲ್ಲಿ ಸುಮಾರು ನೂರಕ್ಕೆ ಐದು ಪಾಲು ಈ ಸಣ್ಣ ಅವಯವದ ಮೂಲಕ ಹಾದುಹೋಗುವುದು. ಮುಪ್ಪಾದ ಕೆಂಪು ಕಣಗಳನ್ನು ಸೋಸಿ ತೆಗೆಯುವುದು, ಕವಚವುಳ್ಳ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಹಿಡಿದು ನಾಶಪಡಿಸುವುದು ಅದರ ನಿತ್ಯಕರ್ಮ. ಹೊರಗವಚ ತೆಳುವಾದುದರಿಂದಲೂ ಒಳಗೆಲ್ಲ ರಕ್ತವೇ ತುಂಬಿರುವುದರಿಂದಲೂ, ಒಮ್ಮೆ ಹರಿದ ಗುಲ್ಮದ ರಕ್ತಸ್ರಾವವನ್ನು ಹೊಲಿಗೆಯಿಂದ ನಿಲ್ಲಿಸುವುದು ಬಲು ಕಷ್ಟ. ಈ ಕಷ್ಟವೇ ಒಂದು ಶತಮಾನದ ಕಾಲ ಶಸ್ತ್ರವೈದ್ಯರನ್ನು ಅವಯವವನ್ನೇ ಪೂರ್ಣವಾಗಿ ತೆಗೆದುಬಿಡುವ ದಾರಿಗೆ ಎಳೆದುದು.

ವಿಕಾರಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು: ಗುಲ್ಮದ ಮಾಂಸದೊಳಗೇ ಬೆಳೆಯುವ ನಾಳಗಳ ಗಂಟುಗಳು ಮೊದಲನೆಯವು, ಗುಲ್ಮಕ್ಕೆ ರಕ್ತ ತರುವ ಧಮನಿಯ ಗೋಡೆ ಉಬ್ಬಿ ಆಗುವ ಅನ್ಯೂರಿಸಮ್ಮುಗಳು ಎರಡನೆಯವು. ಗಂಟುಗಳಲ್ಲಿ ಅತಿ ಸಾಮಾನ್ಯವಾದುದು ಹೆಮ್ಯಾಂಜಿಯೋಮ. ಸಾಧಾರಣವಾಗಿ ಎರಡು ಸೆಂಟಿಮೀಟರನ್ನು ಮೀರದ, ಜೀವಮಾನವಿಡೀ ಸುಮ್ಮನಿರುವ ಗಂಟಿದು. ಅಪರೂಪಕ್ಕೆ ಬಹಳ ದೊಡ್ಡದಾಗಿ ಬೆಳೆದಾಗ ಪ್ಲೇಟ್‌ಲೆಟ್ಟುಗಳನ್ನು ತನ್ನೊಳಗೆ ಸೆಳೆದುಕೊಂಡು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕುಗ್ಗಿಸುವುದುಂಟು. ದುಗ್ಧನಾಳಗಳಿಂದ ಹುಟ್ಟುವ ಲಿಂಫ್ಯಾಂಜಿಯೋಮವು ಹೆಚ್ಚಾಗಿ ಮಕ್ಕಳಲ್ಲಿ, ನೀರ್ಗುಳ್ಳೆಗಳ ಗೊಂಚಲಾಗಿ ಕಾಣುವುದು. ಗುಲ್ಮದ ಸಹಜ ಅಂಗಾಂಶವೇ ಕ್ರಮಗೆಟ್ಟು ಬೆಳೆದು ಗಂಟಾಗುವ ಹಮಾರ್ಟೋಮವನ್ನು ರೊಕಿಟಾನ್‌ಸ್ಕಿ 1861ರಷ್ಟು ಹಿಂದೆಯೇ ವರ್ಣಿಸಿದ್ದನು. ಇದಕ್ಕೆ ವ್ಯತಿರಿಕ್ತವಾಗಿ, ಗುಲ್ಮದ ಕೆಂಪು ತಿರುಳಿನ ರಕ್ತಕುಹರಗಳನ್ನು ಒಳಗಿನಿಂದ ಹೊದ್ದಿರುವ ಕೋಶಗಳಿಂದ ಹುಟ್ಟುವ ಲಿಟೋರಲ್ ಸೆಲ್ ಆಂಜಿಯೋಮವು ಪ್ರತ್ಯೇಕ ರೋಗವೆಂದು ಮಾನ್ಯವಾದುದು 1991ರಲ್ಲಿ. ಸಾಮಾನ್ಯವಾಗಿ ಅನೇಕ ಗಂಟುಗಳಾಗಿ ತೋರುವ ಇದು ಸ್ವತಃ ಸೌಮ್ಯವಾದರೂ, ಕೆಲವರಲ್ಲಿ ಬೇರೆ ಅವಯವಗಳ ಕ್ಯಾನ್ಸರಿನ ಜೊತೆಗೆ ಕಂಡುಬಂದಿರುವುದರಿಂದ, ಇಂತಹ ರೋಗಿಯ ದೇಹವನ್ನು ಸಮಗ್ರವಾಗಿ ಪರೀಕ್ಷಿಸುವುದು ಉಚಿತ.

ಈ ಸೌಮ್ಯಗಣದ ನಡುವೆ ಒಂದು ಘೋರವಾದುದಿದೆ: ಆಂಜಿಯೋಸಾರ್ಕೋಮ. ಅತಿ ವಿರಳವಾದರೂ ರೋಗ ತಿಳಿದ ಒಂದು ವರ್ಷದೊಳಗೇ ಬಹುಪಾಲು ರೋಗಿಗಳನ್ನು ಬಲಿತೆಗೆದುಕೊಳ್ಳುವ, ತಾನಾಗಿ ಸಿಡಿದು ಹೊಟ್ಟೆಯಲ್ಲೆಲ್ಲ ರಕ್ತವನ್ನೂ ಅರ್ಬುದಕೋಶಗಳನ್ನೂ ಹರಡಬಲ್ಲ ಈ ರೋಗವನ್ನು ಸೌಮ್ಯ ಗಂಟುಗಳಿಂದ ಬೇರ್ಪಡಿಸಿ ಗುರುತಿಸುವುದೇ ನಿದಾನಶಾಸ್ತ್ರದ ಇಲ್ಲಿನ ಮುಖ್ಯ ಸಮಸ್ಯೆ. ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿಯು ಬೇರೆಡೆ ಸುಲಭವಾದರೂ, ನಾಳಮಯವಾದ ಗಂಟಿನಲ್ಲಿ ರಕ್ತಸ್ರಾವದ ಭಯವಿರುವುದರಿಂದ ವೈದ್ಯರು ಹಿಂಜರಿಯುವರು. ಆದುದರಿಂದ ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಸಿ.ಟಿ. ಸ್ಕ್ಯಾನು, ಎಂ.ಆರ್.ಐ., ಕೆಲವು ತಿಂಗಳ ಅಂತರದಲ್ಲಿ ಮತ್ತೆ ಮಾಡಿಸುವ ಸ್ಕ್ಯಾನು, ಇವೇ ಆಧಾರ. ಸಣ್ಣದು, ಅಂಚು ಸ್ಪಷ್ಟವಾಗಿರುವುದು, ತಿಂಗಳುಗಳು ಉರುಳಿದರೂ ಬೆಳೆಯದಿರುವುದು, ರೋಗಿಗೆ ಯಾವ ಬಾಧೆಯೂ ಇಲ್ಲದಿರುವುದು ಎಂಬ ಈ ನಾಲ್ಕು ಲಕ್ಷಣಗಳು ಒಟ್ಟಿಗೆ ಇದ್ದರೆ ಗಂಟನ್ನು ಅದರ ಪಾಡಿಗೆ ಬಿಡುವುದೇ ಚಿಕಿತ್ಸೆ. ಬೆಳೆಯುತ್ತಿರುವ, ನೋವು ಕೊಡುವ, ರಕ್ತಕಣಗಳ ಲೆಕ್ಕವನ್ನು ಏರುಪೇರು ಮಾಡುವ, ಇಲ್ಲವೆ ಚಿತ್ರದಲ್ಲಿ ಸಂಶಯ ಹುಟ್ಟಿಸುವ ಗಂಟಿಗೆ ಮಾತ್ರ ಶಸ್ತ್ರದ ಮಾತು.

ಎರಡನೆಯ ವರ್ಗದ ಸ್ವಭಾವ ಬೇರೆ. ಉದರದ ಧಮನಿಗಳ ಅನ್ಯೂರಿಸಮ್ಮುಗಳಲ್ಲಿ ಮಹಾಧಮನಿ ಮತ್ತು ಸೊಂಟದ ಧಮನಿಗಳ ತರುವಾಯದ ಸ್ಥಾನ ಗುಲ್ಮ ಧಮನಿಗೇ ಸಲ್ಲುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿಯೂ, ಅವರಲ್ಲೂ ಹಲವು ಬಾರಿ ಹೆತ್ತವರಲ್ಲಿ ವಿಶೇಷವಾಗಿಯೂ ಕಾಣುವ ಈ ಉಬ್ಬು ಗರ್ಭಕಾಲದಲ್ಲಿ ಸಿಡಿದರೆ ತಾಯಿಯೂ ಶಿಶುವೂ ಉಳಿಯುವುದು ದುರ್ಲಭ; ಅಂತಹ ತಾಯಂದಿರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಮಡಿಯುವರೆಂದು ವೈದ್ಯಗ್ರಂಥಗಳು ಹೇಳುತ್ತವೆ. ಕೆಲವೊಮ್ಮೆ ಮೊದಲ ಸ್ರಾವವು ಜಠರದ ಹಿಂದಿನ ಸಂದಿಯಲ್ಲಿ ತಡೆದು ನಿಂತು, ರೋಗಿ ಚೇತರಿಸಿಕೊಂಡಂತೆ ಕಂಡು, ಕೆಲವು ಗಂಟೆಗಳೋ ದಿನಗಳೋ ಕಳೆದಮೇಲೆ ಎರಡನೆಯ ಬಾರಿ ಹೊಟ್ಟೆಯೊಳಕ್ಕೆ ಸಿಡಿಯುವುದುಂಟು. ಆ ನಡುವಿನ ಅವಕಾಶದಲ್ಲಿ ರೋಗವನ್ನು ಗುರುತಿಸಿದವನು ಪ್ರಾಣವನ್ನು ಉಳಿಸಿದನು. ಮೇದೋಜೀರಕ ಗ್ರಂಥಿಯ ಉರಿಯೂತದಿಂದಲೋ ಪೆಟ್ಟಿನಿಂದಲೋ ಆದ ಹುಸಿ ಅನ್ಯೂರಿಸಮ್ಮಿಗೆ ಗಾತ್ರ ಎಷ್ಟೇ ಇರಲಿ ಚಿಕಿತ್ಸೆ ಬೇಕೇ ಬೇಕು; ನಿಜವಾದ ಅನ್ಯೂರಿಸಮ್ಮು ಎರಡು ಮೂರು ಸೆಂಟಿಮೀಟರನ್ನು ಮೀರಿದರೆ, ಇಲ್ಲವೆ ಮುಂದೆ ಗರ್ಭಧರಿಸಬಹುದಾದ ಹೆಂಗಸಿನಲ್ಲಿ ಕಂಡರೆ, ಚಿಕಿತ್ಸೆಯನ್ನು ಮುಂದೂಡಲಾಗದು.

ಇನ್ನು ಚಿಕಿತ್ಸೆಯ ಇತಿಹಾಸ. 1867ರಲ್ಲಿ ಪ್ಯಾರಿಸಿನ ಪೆಯಾನ್ ಎಂಬ ಶಸ್ತ್ರವೈದ್ಯನು ನೀರ್ಗುಳ್ಳೆಯಿಂದ ಕೂಡಿದ ಗುಲ್ಮವನ್ನು ತೆಗೆದು ರೋಗಿಯನ್ನು ಬದುಕಿಸಿದ ಮೇಲೆ, ಗುಲ್ಮವಿಲ್ಲದೆಯೂ ಮನುಷ್ಯನು ಬಾಳಬಲ್ಲನೆಂಬ ಅಭಿಪ್ರಾಯ ಬಲವಾಯಿತು; ಬಾಳಬಲ್ಲನೆಂಬುದರಿಂದ ಅದು ಅನವಶ್ಯಕವಾದ ಅವಯವವೆಂಬ ತಪ್ಪುನಂಬಿಕೆಯೂ ಹುಟ್ಟಿತು. ಈ ನಂಬಿಕೆಗೆ ಪೆಟ್ಟು ಬಿದ್ದುದು 1952ರಲ್ಲಿ. ಕಿಂಗ್ ಮತ್ತು ಶುಮಾಕರ್ ಎಂಬ ಅಮೆರಿಕದ ವೈದ್ಯರು, ಗುಲ್ಮ ತೆಗೆದ ಐದು ಮಂದಿ ಎಳೆಗೂಸುಗಳು ತೀವ್ರ ಸೋಂಕಿಗೆ ಗುರಿಯಾದುದನ್ನು ಪ್ರಕಟಿಸಿದರು. ಗುಲ್ಮಹೀನನಾದವನಿಗೆ ನ್ಯೂಮೊಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳ ಸೋಂಕು ತಗುಲಿದರೆ, ಬೆಳಿಗ್ಗೆ ಸಾಮಾನ್ಯ ಜ್ವರವಾಗಿ ತೋರಿದುದು ಸಂಜೆಗೆ ರಕ್ತವೆಲ್ಲ ನಂಜಾಗಿ ಪರಿಣಮಿಸಬಹುದು. ಇದು ಅಪರೂಪದ ಘಟನೆಯೇ. ಆದರೆ ಇದರ ಭಯವು ಶಸ್ತ್ರಚಿಕಿತ್ಸೆಯ ವರ್ಷದಲ್ಲಿ ಮುಗಿಯದೆ ಜೀವಾವಧಿ ಬೆನ್ನುಹತ್ತಿರುವುದು.

ಹೊಟ್ಟೆಯನ್ನು ಗಾಳಿಯಿಂದ ಉಬ್ಬಿಸಿ ದರ್ಶಕದ ಮೂಲಕ ಒಳಗೆ ನೋಡಿ ಕೆಲಸ ಮಾಡುವ ಕ್ರಮವು ನಮ್ಮ ಹಳ್ಳಿಗಳಿಗೆ ಮೊದಲು ಪರಿಚಯವಾದುದು ಸಂತಾನಹರಣ ಶಸ್ತ್ರಚಿಕಿತ್ಸೆಯ ಕ್ಯಾಂಪುಗಳಿಂದ. ಎಷ್ಟೋ ತಾಯಂದಿರಿಗೆ ಹೊಕ್ಕುಳ ಬಳಿಯ ಒಂದೆರಡು ಹೊಲಿಗೆಗಳ ಆ ‘ಲ್ಯಾಪ್ರೋಸ್ಕೋಪಿ’ ಪಿತ್ತಕೋಶದ ಕಲ್ಲಿಗಿಂತ ಮುಂಚೆಯೇ ಗೊತ್ತು. ಭಾರತದಲ್ಲಿ ಉದರದರ್ಶಕದಿಂದ ಪಿತ್ತಕೋಶವನ್ನು ಮೊದಲು ತೆಗೆದವರು ಮುಂಬಯಿಯ ಡಾ. ತೆಹೆಮ್‌ಟನ್ ಉದ್ವಾಡಿಯಾ, 1990ರಲ್ಲಿ ಜೆ. ಜೆ. ಆಸ್ಪತ್ರೆಯಲ್ಲಿ ಆ ಕಾರ್ಯ ನಡೆಸಿದ ಅವರು, ಈ ವಿದ್ಯೆಯು ಧನಿಕರ ಅನುಕೂಲಕ್ಕಿಂತ ಹೆಚ್ಚಾಗಿ ದಿನಗೂಲಿಯ ಬಡವನಿಗೆ ಬೇಕಾದುದೆಂದು ಜೀವನವಿಡೀ ಪ್ರತಿಪಾದಿಸಿದರು. ಮರುವರ್ಷವೇ, ಎಂದರೆ 1991ರಲ್ಲಿ, ಪ್ಯಾರಿಸಿನ ದೆಲೆತ್ರ್ ಮತ್ತು ಅವರ ಸಹೋದ್ಯೋಗಿಯು ಇದೇ ಕ್ರಮದಲ್ಲಿ ಗುಲ್ಮವನ್ನು ತೆಗೆದುದು ವರದಿಯಾಯಿತು. 2008ರ ವೇಳೆಗೆ ಯೂರೋಪಿನ ಉದರದರ್ಶಕ ಶಸ್ತ್ರವೈದ್ಯರ ಸಂಘವು, ಸಹಜ ಗಾತ್ರದ ಅಥವಾ ಮಧ್ಯಮವಾಗಿ ಬೆಳೆದ ಗುಲ್ಮವನ್ನು ತೆಗೆಯಲು ಈ ಮಾರ್ಗವನ್ನೇ ಮೊದಲ ಆಯ್ಕೆಯಾಗಿ ಅಂಗೀಕರಿಸಿತ್ತು.

ಈ ಶಸ್ತ್ರಕ್ರಿಯೆಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೋಗಿಯನ್ನು ಬಲಮಗ್ಗುಲಿಗೆ ಮಲಗಿಸುವರು. ಜಠರವೂ ಕರುಳುಗಳೂ ತಮ್ಮ ಭಾರದಿಂದ ಕೆಳಕ್ಕೆ ಜಾರಿ, ಗುಲ್ಮವು ವಪೆಗೆ ಅಂಟಿದ ತಂತುಗಳಿಂದ ಜೋತುಬಿದ್ದಂತೆ ನಿಲ್ಲುವುದು. ಎಡಪಕ್ಕೆಯ ಕೆಳಗೆ ಐದರಿಂದ ಹನ್ನೆರಡು ಮಿಲಿಮೀಟರಿನ ಮೂರು ನಾಲ್ಕು ರಂಧ್ರಗಳು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ನೀಳವಾದ ಉಪಕರಣಗಳು. ಹೊಟ್ಟೆಯನ್ನು ಉಬ್ಬಿಸಲು ಇಂಗಾಲದ ಡೈಆಕ್ಸೈಡು. ಪರದೆಯ ಮೇಲೆ ನೇರಳೆಗಪ್ಪಿನ ಗುಲ್ಮವು ತನ್ನ ಸಹಜ ಗಾತ್ರಕ್ಕಿಂತ ಹಲವು ಪಟ್ಟು ಹಿರಿದಾಗಿ ಕಾಣುವುದು. ಮೊದಲು ದೊಡ್ಡಕರುಳಿನ ಕಡೆಯ ಬಂಧನವನ್ನು ಬಿಡಿಸಿ, ಬಳಿಕ ಜಠರಕ್ಕೂ ಗುಲ್ಮಕ್ಕೂ ನಡುವಿನ ಕಿರುನಾಳಗಳನ್ನು ಶಬ್ದಾತೀತ ಕಂಪನದ ಕತ್ತರಿಯಿಂದ ಒಂದೊಂದಾಗಿ ಬೆಸೆದು ಕತ್ತರಿಸುತ್ತ ಮೇಲೇರುವರು. ಕೊನೆಗೆ ಉಳಿಯುವುದು ದ್ವಾರದ ಮುಖ್ಯ ಧಮನಿ ಮತ್ತು ಸಿರೆ. ಮೇದೋಜೀರಕ ಗ್ರಂಥಿಯ ಬಾಲವು ಬಹಳ ಜನರಲ್ಲಿ ಈ ದ್ವಾರಕ್ಕೆ ಒಂದು ಸೆಂಟಿಮೀಟರಿನಷ್ಟು ಸಮೀಪದಲ್ಲಿ ಇರುವುದರಿಂದ, ಇಲ್ಲಿ ತೋರಿದ ಅವಸರವು ವಾರಗಟ್ಟಲೆ ರಸ ಸೋರುವ ಬಾಧೆಯನ್ನು ತಂದೊಡ್ಡಬಹುದು. ನಾಳಗಳನ್ನು ಸ್ಟೇಪ್ಲರಿನಿಂದ ಮುಚ್ಚಿ ಬಿಡಿಸಿದ ಗುಲ್ಮವನ್ನು ಚೀಲಕ್ಕೆ ಹಾಕಿ, ಸಾಮಾನ್ಯವಾಗಿ ಅದರಲ್ಲೇ ಚೂರು ಮಾಡಿ ಸಣ್ಣ ರಂಧ್ರದಿಂದ ಹೊರತೆಗೆಯುವರು. ಆದರೆ ನಾಳದ ಗಂಟುಗಳ ವಿಷಯದಲ್ಲಿ ಈ ಕೊನೆಯ ಹೆಜ್ಜೆಗೆ ಎಚ್ಚರ ಬೇಕು: ಚೂರಾದ ಗುಲ್ಮದಲ್ಲಿ ರೋಗಶಾಸ್ತ್ರಜ್ಞನು ಗಂಟಿನ ಜಾತಿಯನ್ನು ನಿರ್ಣಯಿಸುವುದು ಕಠಿಣ, ಚೀಲವು ಹರಿದರೆ ಕೋಶಗಳು ಹೊಟ್ಟೆಯಲ್ಲಿ ಚೆಲ್ಲುವ ಭಯವೂ ಉಂಟು. ಆಂಜಿಯೋಸಾರ್ಕೋಮದ ಸಂಶಯವಿದ್ದಲ್ಲಿ ಕೆಳಹೊಟ್ಟೆಯಲ್ಲಿ ತುಸು ದೊಡ್ಡ ಕೊಯ್ತವನ್ನು ಮಾಡಿ ಗುಲ್ಮವನ್ನು ಇಡಿಯಾಗಿಯೇ ತೆಗೆಯುವುದು ವಿವೇಕ.

ಈ ಕ್ರಮದ ಲಾಭವನ್ನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಿಂತು ಎಣಿಸಿದರೆ ಚೆನ್ನಾಗಿ ತಿಳಿಯುವುದು. ಸುಗ್ಗಿಯ ತಿಂಗಳುಗಳಲ್ಲಿ ಬೆನ್ನಮೇಲೆ ಚೀಲ ಹೊರುವ ಹಮಾಲನಿಗೂ, ದಿನವಿಡೀ ಕುಕ್ಕರುಗಾಲಿನಲ್ಲಿ ಕುಳಿತು ತೊಟ್ಟು ಬಿಡಿಸುವ ಹೆಂಗಸಿಗೂ ದೇಹವೇ ಬಂಡವಾಳ. ಪಕ್ಕೆಲುಬಿನಡಿಯಲ್ಲಿ ಒಂದು ಗೇಣು ಕೊಯ್ದು ಸ್ನಾಯುಗಳನ್ನು ಕತ್ತರಿಸಿದ ಹೊಟ್ಟೆಯು ಭಾರ ಹೊರಲು ತಿಂಗಳುಗಳನ್ನೇ ಬೇಡುವುದು. ಅವಸರಪಟ್ಟರೆ ಗಾಯದ ಜಾಗದಲ್ಲಿ ಹರ್ನಿಯಾ ಆಗುವ ಸಂಭವವುಂಟು. ಕೆಮ್ಮಲು ನೋವೆಂದು ಉಸಿರನ್ನು ಬಿಗಿಹಿಡಿದವನ ಎಡಪುಪ್ಪುಸದ ಕೆಳಭಾಗ ಕುಸಿಯುವುದೂ ಉಂಟು. ಉದರದರ್ಶಕದಲ್ಲಿ ಈ ಮೂರೂ ತಗ್ಗುತ್ತವೆ; ರೋಗಿಯು ಕೆಲವೇ ದಿನಗಳಲ್ಲಿ ಮನೆ ಸೇರಿ ಕೆಲವು ವಾರಗಳಲ್ಲಿ ಕೆಲಸಕ್ಕೆ ಮರಳಬಲ್ಲನು. ಆದರೆ ಒಳಗಿನ ನಷ್ಟವು ಎರಡು ಕ್ರಮಗಳಲ್ಲೂ ಒಂದೇ. ಗುಲ್ಮವು ಪೂರ್ತಿ ಹೋಯಿತು ಎಂದಮೇಲೆ, ಅದು ಗೇಣುದ್ದದ ಕೊಯ್ತದಿಂದ ಹೊರಬಂದಿತೋ ಬೆರಳಗಲದ ರಂಧ್ರದಿಂದ ಹೊರಬಂದಿತೋ ಎಂಬುದನ್ನು ನ್ಯೂಮೊಕಾಕಸ್ ವಿಚಾರಿಸುವುದಿಲ್ಲ.

ಈ ಕಾರಣದಿಂದಲೇ ಅವಯವವನ್ನು ಉಳಿಸುವ ಎರಡು ಮಾರ್ಗಗಳಿಗೆ ವಿಶೇಷ ಗೌರವ ಸಲ್ಲಬೇಕು. ಮೊದಲನೆಯದು ಆಂಶಿಕ ಛೇದನ. ಗುಲ್ಮದ ಖಂಡಗಳಿಗೆ ಪ್ರತ್ಯೇಕ ಧಮನಿಗಳಿರುವುದನ್ನು ಆಧರಿಸಿ, ಬ್ರೆಜಿಲಿನ ಕಾಂಪೋಸ್ ಕ್ರಿಸ್ಟೊ 1962ರಲ್ಲಿ ತನ್ನ ಮೊದಲ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಇಂದು ಅದೇ ಕೆಲಸವನ್ನು ದರ್ಶಕದ ಮೂಲಕ ಮಾಡುವರು: ಗಂಟಿರುವ ಖಂಡದ ಧಮನಿಯನ್ನು ಮಾತ್ರ ಕಟ್ಟಿದಾಗ, ಕೆಲವು ನಿಮಿಷಗಳಲ್ಲಿ ಆ ಭಾಗವು ಕಪ್ಪೇರಿ ಉಳಿದ ಭಾಗವು ತನ್ನ ಬಣ್ಣವನ್ನು ಕಾದುಕೊಳ್ಳುವುದು, ಎರಡರ ನಡುವೆ ತಾನಾಗಿ ಮೂಡಿದ ಗಡಿರೇಖೆಯ ಗುಂಟ, ಕಪ್ಪಾದ ಕಡೆಗೆ ತುಸು ಸರಿದು ಕತ್ತರಿಸಿದರೆ ರಕ್ತಸ್ರಾವ ಅಲ್ಪ. ಗುಲ್ಮದ ನಾಲ್ಕನೆಯ ಒಂದು ಪಾಲಾದರೂ ತನ್ನ ರಕ್ತಸಂಚಾರದೊಡನೆ ಉಳಿದರೆ ಸೋಂಕಿನಿಂದ ರಕ್ಷಿಸುವ ಶಕ್ತಿ ಬಹುಮಟ್ಟಿಗೆ ಉಳಿಯುವುದೆಂದು ಶಸ್ತ್ರವೈದ್ಯರ ಅಭಿಮತ. ಗಂಟು ಒಂದು ತುದಿಯಲ್ಲಿದ್ದಾಗ, ಅದರಲ್ಲೂ ರೋಗಿಯು ಮಗುವಾಗಿದ್ದಾಗ, ಇದು ಶ್ರೇಷ್ಠ. ದ್ವಾರದ ಬಳಿಯ ಗಂಟಿಗೂ ಗುಲ್ಮವನ್ನೆಲ್ಲ ವ್ಯಾಪಿಸಿದ ಅನೇಕ ಗಂಟುಗಳಿಗೂ ಸಲ್ಲದು.

ಎರಡನೆಯದು ಕೊಯ್ತವೇ ಇಲ್ಲದ ಎಂಬೊಲೈಸೇಷನ್. ತೊಡೆಯ ಸಂದಿಯ ಅಥವಾ ಮುಂಗೈಯ ಧಮನಿಯಿಂದ ತೂರಿಸಿದ ಸಪೂರವಾದ ಕ್ಯಾತಿಟರನ್ನು ಕ್ಷಕಿರಣದ ಪರದೆಯ ಮೇಲೆ ನೋಡುತ್ತ ಗುಲ್ಮ ಧಮನಿಯವರೆಗೆ ನಡೆಸಿ, ಉಬ್ಬಿನ ಆಚೆಗೂ ಈಚೆಗೂ ಲೋಹದ ಸುರುಳಿಗಳನ್ನು ಇರಿಸಿ ರಕ್ತದ ಹರಿವನ್ನು ತಡೆಯುವರು. ಆಚೆಯ ಕಡೆ ಮುಚ್ಚದಿದ್ದರೆ ಕಿರುಧಮನಿಗಳಿಂದ ಹಿಮ್ಮುಖವಾಗಿ ಬಂದ ರಕ್ತವು ಉಬ್ಬನ್ನು ಮತ್ತೆ ತುಂಬುವುದು. ಧಮನಿ ಮುಚ್ಚಿದರೂ ಜಠರದ ಕಡೆಯ ಕಿರುಧಮನಿಗಳ ಆಸರೆಯಿಂದ ಗುಲ್ಮವು ಬದುಕಿಕೊಳ್ಳುವುದು ಈ ಉಪಾಯದ ಸೊಗಸು. 1973ರಲ್ಲಿ ಮ್ಯಾಡಿಸನ್ ಎಂಬ ವೈದ್ಯನು ಇದನ್ನು ಗುಲ್ಮದಲ್ಲಿ ಮೊದಲು ಪ್ರಯೋಗಿಸಿದಾಗ ಗುಲ್ಮದ ರಕ್ತಸಂಚಾರವನ್ನೇ ಪೂರ್ತಿಯಾಗಿ ತಡೆಯುವುದಿತ್ತು. ಆ ಕ್ರಮದಿಂದ ಕೀವುಗಟ್ಟುವ ತೊಡಕುಗಳು ಕಂಡುಬಂದ ಕಾರಣ, 1979ರಲ್ಲಿ ಸ್ಪಿಗೊಸ್ ಮೊದಲಾದವರು ಗುಲ್ಮದ ಒಂದು ಭಾಗದ ರಕ್ತಸಂಚಾರವನ್ನು ಮಾತ್ರ ತಡೆಯುವ ಮಿತವಾದ ವಿಧಾನವನ್ನು ರೂಪಿಸಿದರು. ಈಗಲೂ ಜ್ವರ, ಎಡಪಕ್ಕೆಯ ನೋವುಗಳು ಕೆಲವು ದಿನ ಕಾಡುವುದು ಸಾಮಾನ್ಯ. ಅನ್ಯೂರಿಸಮ್ಮಿಗೆ ಇದೇ ಇಂದು ಮೊದಲ ಆಯ್ಕೆ. ಗುಲ್ಮದೊಳಗಿನ ಗಂಟಿಗೆ ಮಾತ್ರ, ಪರೀಕ್ಷೆಗೆ ಅಂಗಾಂಶದ ಚೂರು ದೊರೆಯದ ಕಾರಣ, ಇದೊಂದನ್ನೇ ನಂಬುವಂತಿಲ್ಲ. ಸಿಡಿದು ರಕ್ತದೊತ್ತಡ ಕುಸಿಯುತ್ತಿರುವ ರೋಗಿಗೆ ಹೊಟ್ಟೆಯನ್ನು ಅಗಲವಾಗಿ ತೆರೆಯುವ ಹಳೆಯ ಶಸ್ತ್ರಚಿಕಿತ್ಸೆಯೇ ಇಂದಿಗೂ ಅನೇಕ ವೇಳೆ ಗತಿ. ಅದನ್ನು ಬಲ್ಲ ಕೈಗಳು ಜಿಲ್ಲೆಯಲ್ಲಿ ಉಳಿಯಬೇಕು.

ಇಷ್ಟನ್ನೂ ತೂಗಿ ನೋಡಿದಾಗ ತೋರುವುದೇನೆಂದರೆ, ಶಸ್ತ್ರಚಿಕಿತ್ಸೆಯ ಕನಿಷ್ಠತೆಯನ್ನು ಚರ್ಮದ ಮೇಲಿನ ಗಾಯದಿಂದ ಅಳೆಯುವುದು ಅರ್ಧ ಲೆಕ್ಕ. ರೋಗಿಯು ಜೀವಮಾನದಲ್ಲಿ ಕಳೆದುಕೊಳ್ಳುವುದರಿಂದ ಅಳೆದಾಗಲೇ ಲೆಕ್ಕ ಪೂರ್ಣ. ಆ ಅಳತೆಯಲ್ಲಿ ಸುಮ್ಮನೆ ಕಾದು ನೋಡುವುದಕ್ಕೆ ಮೊದಲ ಸ್ಥಾನ, ಎಂಬೊಲೈಸೇಷನ್ನಿಗೂ ಆಂಶಿಕ ಛೇದನಕ್ಕೂ ನಂತರದ ಸ್ಥಾನ, ದರ್ಶಕದಿಂದ ಪೂರ್ಣವಾಗಿ ತೆಗೆಯುವುದಕ್ಕೆ ಅವುಗಳ ತರುವಾಯದ ಸ್ಥಾನ. ಈ ಕ್ರಮವನ್ನು ಒತ್ತಿ ಹೇಳಲು ಈ ಜಿಲ್ಲೆಯಲ್ಲೇ ಕಾರಣವುಂಟು. ರಾಣೆಬೆನ್ನೂರು ತಾಲ್ಲೂಕಿನ ನೂರಾರು ಹೆಂಗಸರು ತಮ್ಮ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಯಿತೆಂದು ದೂರಿ, ಬೀದಿಗಿಳಿದು ನ್ಯಾಯ ಬೇಡಿದ್ದನ್ನು ನಾಡು ಕಂಡಿದೆ. ತೆಗೆಯುವ ಕೆಲಸ ಹಗುರವಾದಷ್ಟೂ, ತೆಗೆಯಬೇಕೆ ಎಂಬ ಪ್ರಶ್ನೆಯನ್ನು ಬಿಗಿಯಾಗಿ ಕೇಳಬೇಕಾಗುವುದು.

ವ್ಯವಸ್ಥೆಯ ವಿಷಯವಾಗಿ ಕಡೆಯ ಕೆಲವು ಮಾತು. ಎಂಬೊಲೈಸೇಷನ್ನಿಗೂ ಆಂಶಿಕ ಛೇದನಕ್ಕೂ ಬೇಕಾದ ಉಪಕರಣವೂ ಪರಿಣತಿಯೂ ದೊಡ್ಡ ಕೇಂದ್ರಗಳಲ್ಲೇ ಇರುವುದು ಸಹಜ. 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಹುಬ್ಬಳ್ಳಿಯೂ, 1965ರಲ್ಲಿ ಆರಂಭವಾದ ದಾವಣಗೆರೆಯೂ ಹೆದ್ದಾರಿಯ ಎರಡು ಕಡೆಗಳಲ್ಲಿ ಹಾವೇರಿಗೆ ಎಟುಕುವ ದೂರದಲ್ಲಿವೆ. ಈಚೆಗೆ ಹಾವೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜೂ ಸ್ಥಾಪಿತವಾಗಿದೆ. ಶಸ್ತ್ರಕ್ರಿಯೆ ಎಲ್ಲೇ ನಡೆಯಲಿ, ಅದರ ಹಿಂದು ಮುಂದಿನ ಹೊಣೆ ಊರಿನದೇ. ಗುಲ್ಮವನ್ನು ತೆಗೆಯುವುದು ಮೊದಲೇ ನಿಶ್ಚಯವಾದಲ್ಲಿ ಕನಿಷ್ಠ ಎರಡು ವಾರ ಮುಂಚೆ ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಮೋಫಿಲಸ್ ಇವುಗಳ ಲಸಿಕೆ ಹಾಕಿಸತಕ್ಕದ್ದು. ಅವಸರದ ಶಸ್ತ್ರಕ್ರಿಯೆಯಾದಲ್ಲಿ ಎರಡು ವಾರ ಕಳೆದ ಬಳಿಕ ಹಾಕಿಸತಕ್ಕದ್ದು. ಈತನಿಗೆ ಗುಲ್ಮವಿಲ್ಲವೆಂದು ಕನ್ನಡದಲ್ಲಿ ಬರೆದ ಚೀಟಿಯೊಂದು ರೋಗಿಯ ಆಧಾರ್ ಕಾರ್ಡಿನ ಜೊತೆಗೇ ಇರಬೇಕು. ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ವಿಷಯ ತಿಳಿದಿರಬೇಕು. ಜ್ವರ ಬಂದ ದಿನವೇ, ನಾಳೆ ನೋಡೋಣವೆನ್ನದೆ, ಆಂಟಿಬಯಾಟಿಕ್ ದೊರೆಯಬೇಕು. ಮಲೇರಿಯಾ ಇಂತಹವರಲ್ಲಿ ಉಗ್ರವಾಗುವುದೆಂಬುದನ್ನೂ, ನಾಯಿ ಕಚ್ಚಿದರೆ ರೇಬಿಸ್ ಲಸಿಕೆಯೊಡನೆ ಆಂಟಿಬಯಾಟಿಕ್ಕೂ ಬೇಕೆಂಬುದನ್ನೂ ಮರೆಯಬಾರದು. ಸ್ಟೇಪ್ಲರಿಗೂ ಕ್ಯಾಮೆರಾಕ್ಕೂ ಲಕ್ಷಗಟ್ಟಲೆ ವೆಚ್ಚ ತಗಲುವ ಈ ವಿದ್ಯೆಯಲ್ಲಿ, ಅತ್ಯಂತ ಅಗ್ಗವಾದ ಈ ಚೀಟಿಯೂ ಲಸಿಕೆಯೂ ತಪ್ಪಿದರೆ ಉಳಿದ ವೆಚ್ಚವೆಲ್ಲ ವ್ಯರ್ಥವಾಗುವುದು.